ಕ್ರೀಡಾ ಉದ್ಯಮ: ವೇದಿಕೆಯ ಲೆಕ್ಕ ಮತ್ತು ಅಂಗಡಿಯ ಲೆಕ್ಕ

ಕ್ರೀಡೆಯನ್ನು ಒಂದು ಉದ್ಯಮವೆಂದು ಪರಿಗಣಿಸಿ, ಅದರ ಆದಾಯ, ಬಂಡವಾಳ ಹಾಗೂ ತಂತ್ರಜ್ಞಾನಗಳ ಕುರಿತು ಉದ್ಯಮಪತಿಗಳು ಒಂದೆಡೆ ಸೇರಿ ಸಮಾಲೋಚಿಸುವ ಪರಿಪಾಠವು ಈಗ ನಮ್ಮ ದೇಶದಲ್ಲಿಯೂ ಬೇರೂರಿದೆ. ಫಿಕ್ಕಿ ಸಂಸ್ಥೆಯು ‘ಟರ್ಫ್’ ಎಂಬ ಹೆಸರಿನಲ್ಲಿಯೂ, ಭಾರತೀಯ ಕೈಗಾರಿಕಾ ಒಕ್ಕೂಟವು ‘ಸ್ಕೋರ್‌ಕಾರ್ಡ್’ ಎಂಬ ಹೆಸರಿನಲ್ಲಿಯೂ ಇಂತಹ ಸಮಾವೇಶಗಳನ್ನು ನಡೆಸುತ್ತ ಬಂದಿವೆ. ಅಮೆರಿಕದ ಎಂಐಟಿಯಲ್ಲಿ 2007ರಲ್ಲಿ ಚಿಕ್ಕದಾಗಿ ಆರಂಭವಾದ ಸ್ಲೋನ್ ಕ್ರೀಡಾ ವಿಶ್ಲೇಷಣಾ ಸಮ್ಮೇಳನವು ಇಂದು ತಂಡಗಳ ಮಾಲೀಕರು, ಸಂಖ್ಯಾಶಾಸ್ತ್ರಜ್ಞರು ಹಾಗೂ ತಂತ್ರಾಂಶ ಕಂಪನಿಗಳು ತಪ್ಪದೆ ಹಾಜರಾಗುವ ಕೂಟವಾಗಿದೆ.

ಇಂತಹ ಸಮಾವೇಶಗಳ ಕಾರ್ಯಸೂಚಿಗಳನ್ನು ಗಮನಿಸಿದರೆ ಒಂದು ಅಂಶವು ಎದ್ದು ಕಾಣುತ್ತದೆ. ಪ್ರಸಾರ ಹಕ್ಕು, ಫ್ರಾಂಚೈಸಿಗಳ ಮೌಲ್ಯ, ಅಭಿಮಾನಿಗಳ ದತ್ತಾಂಶ, ಕೃತಕ ಬುದ್ಧಿಮತ್ತೆ ಇವೇ ಅಲ್ಲಿನ ಮುಖ್ಯ ವಿಷಯಗಳು. ಬ್ಯಾಟು ತಯಾರಿಸುವವನು, ಜೆರ್ಸಿ ಹೊಲಿಸುವವನು, ಕ್ರೀಡಾ ಸಾಮಗ್ರಿಗಳ ಅಂಗಡಿ ಇಟ್ಟವನು, ಸೈಟು ಬಾಡಿಗೆಗೆ ಪಡೆದು ಟರ್ಫ್ ಮೈದಾನ ನಡೆಸುವವನು ವೇದಿಕೆಯ ಮೇಲೆ ಕಾಣಸಿಗುವುದು ಅಪರೂಪ. ನಮ್ಮ ಮಾಸಿಕದ ಓದುಗರಲ್ಲಿ ಹೆಚ್ಚಿನವರು ಈ ಎರಡನೆಯ ವರ್ಗಕ್ಕೆ ಸೇರಿದವರು. ಆದುದರಿಂದ ವೇದಿಕೆಯ ಮೇಲೆ ಹೇಳಲಾಗುವ ಅಂಕಿಗಳನ್ನು ಅವರ ಖಾತೆ ಪುಸ್ತಕದ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೇಲ್ತುದಿಯ ಹಣ

2022ರ ಜೂನ್ ತಿಂಗಳಿನಲ್ಲಿ ನಡೆದ ಹರಾಜಿನಲ್ಲಿ ಐಪಿಎಲ್ ಪಂದ್ಯಾವಳಿಯ 2023ರಿಂದ 2027ರವರೆಗಿನ ಪ್ರಸಾರ ಹಕ್ಕುಗಳು ರೂ.48,390 ಕೋಟಿಗೆ ಮಾರಾಟವಾದವು. 410 ಪಂದ್ಯಗಳಿಗೆ ಹಂಚಿದರೆ ಒಂದು ಪಂದ್ಯಕ್ಕೆ ಸುಮಾರು ರೂ.118 ಕೋಟಿ ಆಗುತ್ತದೆ. ಅದಕ್ಕೆ ಹಿಂದಿನ ಐದು ವರ್ಷಗಳ ಹಕ್ಕುಗಳು ಹೋಗಿದ್ದುದು ರೂ.16,347.5 ಕೋಟಿಗೆ. ಭಾರತದ ಮಟ್ಟಿಗೆ ದೂರದರ್ಶನ ಪ್ರಸಾರಕ್ಕೆ ರೂ.23,575 ಕೋಟಿ ಬಂದರೆ, ಅಂತರಜಾಲ ಪ್ರಸಾರದ ಮುಖ್ಯ ಹಕ್ಕಿಗೇ ರೂ.20,500 ಕೋಟಿ ಬಂದಿತು. ಆಯ್ದ ಪಂದ್ಯಗಳ ಪ್ರತ್ಯೇಕ ಅಂತರಜಾಲ ಹಕ್ಕನ್ನೂ ಸೇರಿಸಿದರೆ ಮೊಬೈಲ್ ಪರದೆಯು ಟಿವಿ ಪರದೆಯನ್ನು ಹಿಂದಿಕ್ಕಿತು ಎಂದೇ ಹೇಳಬೇಕು. ತಂತ್ರಜ್ಞಾನವು ಕ್ರೀಡಾ ವಾಣಿಜ್ಯವನ್ನು ಬದಲಿಸಿತು ಎಂಬ ಮಾತಿಗೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಆದರೆ ಅಂದು ಎದುರುಬದುರಾಗಿ ಕೂಗಿದ ಇಬ್ಬರು ಖರೀದಿದಾರರು, ಅಂದರೆ ಡಿಸ್ನಿ ಸ್ಟಾರ್ ಹಾಗೂ ವಯಾಕಾಂ18, 2024ರ ನವೆಂಬರ್‌ನಲ್ಲಿ ವಿಲೀನಗೊಂಡು ಜಿಯೋಸ್ಟಾರ್ ಎಂಬ ಒಂದೇ ಸಂಸ್ಥೆಯಾದರು. ಮಾರುಕಟ್ಟೆಯಲ್ಲಿ ಕೊಳ್ಳುವವರು ಇಬ್ಬರಿದ್ದಾಗ ಬರುವ ಬೆಲೆ ಒಬ್ಬನೇ ಉಳಿದಾಗ ಬಾರದು ಎಂಬುದನ್ನು ನಮ್ಮ ಎಪಿಎಂಸಿ ವರ್ತಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅಂಗಿಯ ಮೇಲಿನ ಹೆಸರುಗಳು

ಈ ಹಣದ ಸ್ಥಿರತೆಯನ್ನು ಅಳೆಯಲು ಭಾರತೀಯ ಕ್ರಿಕೆಟ್ ತಂಡದ ಅಂಗಿಯ ಮೇಲೆ ಒಂದರ ನಂತರ ಒಂದರಂತೆ ಬಂದು ಹೋದ ಹೆಸರುಗಳನ್ನು ನೆನಪಿಸಿಕೊಂಡರೆ ಸಾಕು. ದೀರ್ಘ ಕಾಲ ಇದ್ದ ಸಹಾರಾ 2013ರಲ್ಲಿ ಹೊರಟಿತು. ಆ ಸಮೂಹದ ಮುಂದಿನ ಗತಿ ಎಲ್ಲರಿಗೂ ತಿಳಿದಿದೆ. ಬಳಿಕ ಸ್ಟಾರ್ ಇಂಡಿಯಾ ಬಂದಿತು. 2017ರಲ್ಲಿ ಐದು ವರ್ಷಕ್ಕೆ ರೂ.1,079 ಕೋಟಿ ಕೊಡಲು ಒಪ್ಪಿದ ಒಪ್ಪೊ ಮೊಬೈಲ್ ಕಂಪನಿಯು ಎರಡೇ ವರ್ಷಗಳಲ್ಲಿ, ಅಂದರೆ 2019ರಲ್ಲಿ, ಆ ಸ್ಥಾನವನ್ನು ಬೆಂಗಳೂರಿನ ಬೈಜೂಸ್‌ಗೆ ಬಿಟ್ಟುಕೊಟ್ಟಿತು. 2023ರಲ್ಲಿ ಬೈಜೂಸ್ ಹೋಗಿ, ಮೂರು ವರ್ಷಕ್ಕೆ ರೂ.358 ಕೋಟಿಯ ಒಪ್ಪಂದದೊಡನೆ ಡ್ರೀಮ್11 ಬಂದಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಪಣವಿಡುವ ಆಟಗಳನ್ನು ನಿಷೇಧಿಸಿತು. ಆ ತಿಂಗಳು ಮುಗಿಯುವುದರೊಳಗೆ ಒಪ್ಪಂದವೂ ಮುಗಿಯಿತು. ಮುಂದಿನ ತಿಂಗಳ ಏಷ್ಯಾ ಕಪ್‌ನಲ್ಲಿ ನಮ್ಮ ತಂಡವು ಅಂಗಿಯ ಮೇಲೆ ಪ್ರಾಯೋಜಕರ ಹೆಸರಿಲ್ಲದೆ ಆಡಿತು. ಆನಂತರ ಅಪೊಲೊ ಟೈರ್ಸ್ ಆ ಸ್ಥಾನಕ್ಕೆ ಬಂದಿತು.

ಇವುಗಳಲ್ಲಿ ಬೈಜೂಸ್ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಏಕೆಂದರೆ ಅದು ನಡೆದುದು ನಮ್ಮದೇ ಬೆಂಗಳೂರು ಪೀಠದಲ್ಲಿ, ಮತ್ತು ಉದ್ದರಿ ಕೊಡುವ ಪ್ರತಿಯೊಬ್ಬ ವ್ಯಾಪಾರಿಗೂ ಅದರಲ್ಲಿ ತಿಳಿಯಬೇಕಾದುದು ಇದೆ. ಪ್ರಾಯೋಜಕತ್ವದ ಬಾಕಿ ಸುಮಾರು ರೂ.158 ಕೋಟಿ ಬರಬೇಕೆಂದು ಕ್ರಿಕೆಟ್ ಮಂಡಳಿಯು ಬೈಜೂಸ್‌ನ ಮಾತೃಸಂಸ್ಥೆಯಾದ ಥಿಂಕ್ ಅಂಡ್ ಲರ್ನ್ ವಿರುದ್ಧ ದಿವಾಳಿ ಸಂಹಿತೆಯ 9ನೇ ಕಲಮಿನಡಿ ಅರ್ಜಿ ಹಾಕಿತು. 2024ರ ಜುಲೈ 16ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ಅರ್ಜಿಯನ್ನು ಅಂಗೀಕರಿಸಿತು. ಎರಡು ವಾರಗಳಲ್ಲಿ ಪ್ರವರ್ತಕರ ಕುಟುಂಬದ ಕಡೆಯಿಂದ ರಾಜಿಯಾಗಿ, ಆಗಸ್ಟ್ 2ರಂದು ಮೇಲ್ಮನವಿ ನ್ಯಾಯಮಂಡಳಿಯು ಅದನ್ನು ಒಪ್ಪಿತು. ಇಲ್ಲಿಗೆ ವ್ಯವಹಾರ ಮುಗಿಯಿತು ಎಂದೇ ಎಲ್ಲರೂ ಭಾವಿಸಿದ್ದರು. ಆದರೆ ಅಮೆರಿಕದ ಸಾಲದಾತರ ಪರವಾದ ಸಂಸ್ಥೆಯು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆಗಸ್ಟ್ 14ರಂದು ತಡೆಯಾಜ್ಞೆ ಬಂದಿತು. ಅಕ್ಟೋಬರ್ 23ರಂದು ನ್ಯಾಯಾಲಯವು ರಾಜಿಯ ಆದೇಶವನ್ನೇ ರದ್ದುಪಡಿಸಿ, ಸಂಹಿತೆಯು ವಿಧಿಸಿದ ಕ್ರಮದಲ್ಲಿಯೇ ಅರ್ಜಿಯನ್ನು ಹಿಂಪಡೆಯಬೇಕೆಂದು ತಿಳಿಸಿ, ಆ ಮೊತ್ತವನ್ನು ಸಾಲದಾತರ ಸಮಿತಿಯ ವಶದಲ್ಲಿಡಲು ಸೂಚಿಸಿತು.

ಪ್ರಪಂಚದಲ್ಲಿಯೇ ಅತ್ಯಂತ ಶ್ರೀಮಂತವಾದ ಕ್ರಿಕೆಟ್ ಮಂಡಳಿ, ದೇಶದ ಹೆಸರಾಂತ ವಕೀಲರ ನೆರವಿನೊಡನೆ, ಕೈಗೆ ಬಂದ ಹಣವನ್ನು ತನ್ನದೆಂದು ಎಣಿಸಿಕೊಳ್ಳಲಾಗದೆ ನಿಂತ ಸನ್ನಿವೇಶವಿದು. ಅದೇ ಪ್ರಾಯೋಜಕರ ಹೆಸರನ್ನು ಅಚ್ಚು ಹಾಕಿದ ಟೀ ಶರ್ಟು, ಫ್ಲೆಕ್ಸು, ಟ್ರೋಫಿ, ಟೋಪಿಗಳನ್ನು ಪೂರೈಸಿದ ಸಣ್ಣ ಉದ್ದಿಮೆದಾರನ ಪಾಡೇನು? ಸರಕು ಅಥವಾ ಸೇವೆ ಪೂರೈಸಿ ಹಣ ಬರಬೇಕಾದವನನ್ನು ಸಂಹಿತೆಯು ‘ಆಪರೇಷನಲ್ ಕ್ರೆಡಿಟರ್’ ಎನ್ನುತ್ತದೆ. ಬ್ಯಾಂಕು ಹಾಗೂ ಸಾಲದಾತರಿಗಿರುವಂತೆ ಅವನಿಗೆ ಸಮಿತಿಯಲ್ಲಿ ಮತದ ಹಕ್ಕಿಲ್ಲ. ಅರ್ಜಿ ಹಾಕಲು ಬಾಕಿಯ ಕನಿಷ್ಠ ಮೊತ್ತವು ಮೊದಲು ಒಂದು ಲಕ್ಷ ರೂಪಾಯಿ ಇದ್ದುದು 2020ರ ಮಾರ್ಚ್ 24ರಿಂದ ಒಂದು ಕೋಟಿಯಾಗಿದೆ. ಎಂಟು ಲಕ್ಷ ಬಾಕಿಗಾಗಿ ಅಲೆಯುವವನಿಗೆ ಆ ಬಾಗಿಲು ಮುಚ್ಚಿದಂತೆಯೇ. ಬೇರೆ ಯಾರೋ ಹಾಕಿದ ಅರ್ಜಿಯಲ್ಲಿ ಗಡುವಿನೊಳಗೆ ತನ್ನ ಹಕ್ಕುಕೋರಿಕೆಯನ್ನು ಸಲ್ಲಿಸಿ ಸರತಿಯ ಕೊನೆಯಲ್ಲಿ ನಿಲ್ಲಬಹುದು, ಅಷ್ಟೇ.

ಹಾಗಾದರೆ ಅವನಿಗಿರುವ ರಕ್ಷಣೆ ಯಾವುದು? 2006ರ ಎಂಎಸ್‌ಎಂಇ ಕಾಯ್ದೆ. ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಖರೀದಿದಾರನು ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯ ಲೆಕ್ಕದಲ್ಲಿ. 2023ರ ಹಣಕಾಸು ಕಾಯ್ದೆಯು ಆದಾಯ ತೆರಿಗೆಯ 43ಬಿ ಕಲಮಿಗೆ ಸೇರಿಸಿದ ಎಚ್ ಉಪಕಲಮಿನ ಪ್ರಕಾರ, ಈ ಅವಧಿ ಮೀರಿ ಬಾಕಿ ಉಳಿಸಿಕೊಂಡ ಖರೀದಿದಾರನಿಗೆ ಆ ಖರ್ಚಿನ ಕಡಿತವು ಹಣ ಕೊಟ್ಟ ವರ್ಷದಲ್ಲಿಯೇ ದೊರೆಯುವುದು, ಬಿಲ್ಲಿನ ವರ್ಷದಲ್ಲಿ ಅಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆಯೇ ಹೊರತು ನಿಯಮ ಉಳಿದಿದೆ. ಇದು ಅತಿ ಸಣ್ಣ ಹಾಗೂ ಸಣ್ಣ ಘಟಕಗಳಿಗೆ ಮಾತ್ರ, ಮಧ್ಯಮ ಘಟಕಗಳಿಗಿಲ್ಲ.

ಇಲ್ಲಿ ನಮ್ಮ ವರ್ತಕ ಸದಸ್ಯರು ಒಂದು ವ್ಯತ್ಯಾಸವನ್ನು ಅವಶ್ಯವಾಗಿ ಗಮನಿಸಬೇಕು. 2021ರ ಜುಲೈನಿಂದ ಚಿಲ್ಲರೆ ಹಾಗೂ ಸಗಟು ವ್ಯಾಪಾರಿಗಳೂ ಉದ್ಯಮ್ ನೋಂದಣಿ ಪಡೆಯಬಹುದಾಗಿದ್ದರೂ, ಆ ನೋಂದಣಿಯ ಪ್ರಯೋಜನವು ಆದ್ಯತಾ ವಲಯದ ಬ್ಯಾಂಕ್ ಸಾಲಕ್ಕಷ್ಟೇ ಸೀಮಿತ. 45 ದಿನಗಳ ರಕ್ಷಣೆಯು ಉತ್ಪಾದಕನಿಗೆ ಮತ್ತು ಸೇವೆ ನೀಡುವವನಿಗೆ ಉಂಟು, ಕೊಂಡು ಮಾರುವವನಿಗೆ ಇಲ್ಲ. ತಂಡವೊಂದಕ್ಕೆ ಜೆರ್ಸಿ ಹೊಲಿದು ಕೊಟ್ಟವನೂ, ತಿರುಪ್ಪೂರಿನಿಂದ ತರಿಸಿ ಕೊಟ್ಟವನೂ ಒಂದೇ ಬಗೆಯ ಬಿಲ್ಲು ಬರೆದಿರಬಹುದು. ಕಾನೂನಿನ ಕಣ್ಣಿನಲ್ಲಿ ಇಬ್ಬರ ಸ್ಥಿತಿ ಬೇರೆ. ಎರಡನೆಯವನು ಮುಂಗಡವನ್ನೇ ನಂಬಬೇಕು.

ತಂತ್ರಜ್ಞಾನ: ಯಾರ ಕೈಯಲ್ಲಿ?

ತಂತ್ರಜ್ಞಾನದ ಗೋಷ್ಠಿಗಳಲ್ಲಿ ಬೆಂಗಳೂರಿನ ಹೆಸರು ಬರುವುದು ಸಹಜ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2015ರಲ್ಲಿ 400 ಕಿಲೋವ್ಯಾಟ್ ಸಾಮರ್ಥ್ಯದ ಸೌರ ಫಲಕಗಳನ್ನೂ, 2017ರ ವೇಳೆಗೆ ಮಳೆನೀರನ್ನು ನೆಲದಡಿಯಿಂದ ಹೀರಿ ಹೊರಹಾಕುವ ಸಬ್‌ಏರ್ ವ್ಯವಸ್ಥೆಯನ್ನೂ ಅಳವಡಿಸಲಾಯಿತು. ಅನಿಲ್ ಕುಂಬ್ಳೆಯವರ ಸ್ಪೆಕ್ಟಾಕಾಂ ಸಂಸ್ಥೆಯು 2018ರಲ್ಲಿ ಮೈಕ್ರೋಸಾಫ್ಟ್ ಸಹಯೋಗದೊಡನೆ ಬ್ಯಾಟಿನ ಭುಜಕ್ಕೆ ಅಂಟಿಸುವ ಐದು ಗ್ರಾಮಿಗಿಂತ ಹಗುರವಾದ ಸಂವೇದಕವನ್ನು ಪರಿಚಯಿಸಿತು. ಹೊಡೆತದ ವೇಗ, ಚೆಂಡು ಬ್ಯಾಟಿನ ಯಾವ ಭಾಗಕ್ಕೆ ತಗುಲಿತು ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ಬ್ಯಾಟು ಮೀರತ್ತಿನದಾಗಿರಬಹುದು, ಕಾಶ್ಮೀರದ್ದಾಗಿರಬಹುದು. ಅದರಿಂದ ಹುಟ್ಟುವ ಮಾಹಿತಿಯ ಬೆಲೆ ಬ್ಯಾಟು ಕೆತ್ತಿದವನಿಗೆ ಸೇರುವುದಿಲ್ಲ.

ಈ ವಿಷಯದಲ್ಲಿ ನೆರೆಯ ಪಾಕಿಸ್ತಾನದ ಸಿಯಾಲ್‌ಕೋಟ್ ನಗರದ ಅನುಭವವು ಅಧ್ಯಯನಯೋಗ್ಯ. ನಮ್ಮ ಕ್ರೀಡಾ ಸಾಮಗ್ರಿ ಉದ್ಯಮದ ಮೂಲವೂ ಅಲ್ಲಿಯದೇ. 1947ರ ದೇಶವಿಭಜನೆಯ ಸಂದರ್ಭದಲ್ಲಿ ಅಲ್ಲಿಂದ ಬಂದ ಕುಶಲಕರ್ಮಿಗಳು ಹಾಗೂ ವರ್ತಕರೇ ಜಲಂಧರ್ ಮತ್ತು ಮೀರತ್ತುಗಳಲ್ಲಿ ನೆಲೆಸಿ ಈ ಕಸುಬನ್ನು ಬೆಳೆಸಿದರು; ಟೆಸ್ಟ್ ಪಂದ್ಯಗಳ ಚೆಂಡಿನಿಂದ ಹೆಸರಾದ ಎಸ್‌ಜಿ ಸಂಸ್ಥೆಯು 1931ರಲ್ಲಿ ಆರಂಭವಾದುದು ಸಿಯಾಲ್‌ಕೋಟ್‌ನಲ್ಲಿ.

ಅಲ್ಲಿ ಉಳಿದವರು ಫುಟ್‌ಬಾಲ್ ಹೊಲಿಗೆಯಲ್ಲಿ ಜಗತ್ಪ್ರಸಿದ್ಧರಾದರು. 32 ತುಂಡುಗಳನ್ನು ಕೈಯಿಂದ ಹೊಲಿಯುವ ಕೆಲಸವು ಹಳ್ಳಿ ಹಳ್ಳಿಗಳ ಮನೆಗಳಿಗೆ ಹರಡಿತ್ತು. ಬಾಲಕಾರ್ಮಿಕರ ಬಳಕೆಯ ಆರೋಪ ಬಂದಾಗ 1997ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹಾಗೂ ಯುನಿಸೆಫ್ ಜೊತೆ ಅಟ್ಲಾಂಟಾದಲ್ಲಿ ಒಪ್ಪಂದ ಮಾಡಿಕೊಂಡು, ಹೊಲಿಗೆಯನ್ನು ತಪಾಸಣೆಗೆ ಒಳಪಡುವ ಕೇಂದ್ರಗಳಿಗೆ ತಂದಿತು. ಆ ಪೆಟ್ಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಪೆಟ್ಟು. 2006ರ ವಿಶ್ವಕಪ್‌ಗೆ ಅಡಿಡಾಸ್ ತಂದ ಚೆಂಡಿನಲ್ಲಿ ಹೊಲಿಗೆಯೇ ಇರಲಿಲ್ಲ. 14 ತುಂಡುಗಳನ್ನು ಶಾಖದಿಂದ ಬೆಸೆದ ಅದು ತಯಾರಾದುದು ಥಾಯ್ಲೆಂಡಿನಲ್ಲಿ. 2010ರ ಚೆಂಡು ಚೀನಾದ್ದು. ಕೈಹೊಲಿಗೆಯ ನಗರವು ವಿಶ್ವಕಪ್‌ನಿಂದ ಹೊರಬಿದ್ದಿತು.

ಆ ಊರಿನ ಫಾರ್ವರ್ಡ್ ಸ್ಪೋರ್ಟ್ಸ್ ಎಂಬ ಕಾರ್ಖಾನೆಯು ಶಾಖಬಂಧದ ವಿಧಾನವನ್ನು ಕಲಿತು, ಯಂತ್ರಗಳನ್ನು ಅಳವಡಿಸಿಕೊಂಡಿತು. ಬ್ರೆಜಿಲ್‌ನ 2014ರ ವಿಶ್ವಕಪ್‌ಗೆ ಚೀನಾದ ಪೂರೈಕೆದಾರರಿಂದ ಬೇಡಿಕೆ ಪೂರೈಸಲಾಗದೆ ಹೋದಾಗ, ಒಂದು ತಿಂಗಳಿಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಹೊಸ ಉತ್ಪಾದನಾ ಸಾಲನ್ನು ಸಿದ್ಧಪಡಿಸಿ ಆರು ತುಂಡುಗಳ ‘ಬ್ರಜುಕಾ’ ಚೆಂಡನ್ನು ಪೂರೈಸಿತು. 2018 ಹಾಗೂ 2022ರ ವಿಶ್ವಕಪ್‌ಗಳ ಚೆಂಡುಗಳಿಗೂ ಆ ಊರಿನ ಹೆಸರು ಸೇರಿತು. 2022ರ ಪಂದ್ಯದ ಚೆಂಡಿನೊಳಗೆ ಸೆಕೆಂಡಿಗೆ 500 ಬಾರಿ ಚಲನೆಯನ್ನು ದಾಖಲಿಸುವ ಸಂವೇದಕವಿತ್ತು. ಅದು ಜರ್ಮನಿಯ ಕಿನೆಕ್ಸಾನ್ ಕಂಪನಿಯದು. ಅಲ್ಲಿಯೂ ಅಷ್ಟೇ, ಚೆಂಡು ಒಬ್ಬರದು, ಅದರ ಮಾಹಿತಿ ಇನ್ನೊಬ್ಬರದು. ಆದರೂ ಕೈಬಿಟ್ಟುಹೋದ ಗಿರಾಕಿ ಎಂಟು ವರ್ಷಗಳ ನಂತರ ಮರಳಿ ಬಂದುದು ಸಣ್ಣ ಸಾಧನೆಯಲ್ಲ.

ವಾಣಿಜ್ಯ ಮಂಡಳಿಯ ಸದಸ್ಯರಾದ ನಾವು ಗಮನಿಸಬೇಕಾದ ಮತ್ತೊಂದು ಸಂಗತಿಯೆಂದರೆ, ಸಿಯಾಲ್‌ಕೋಟ್‌ನ ರಫ್ತುದಾರರು 1980ರ ದಶಕದಲ್ಲಿ ತಾವೇ ಹಣ ಕೂಡಿಸಿ ಒಣಬಂದರನ್ನು ಸ್ಥಾಪಿಸಿದರು. 2007ರಲ್ಲಿ ತಮ್ಮದೇ ಬಂಡವಾಳದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ತೆರೆದರು. ನಮ್ಮಲ್ಲಿ ಕೈಗಾರಿಕಾ ಪ್ರದೇಶದ ರಸ್ತೆಗುಂಡಿ ಮುಚ್ಚಿಸಲು ವರ್ಷಕ್ಕೆ ಮೂರು ಮನವಿಪತ್ರ ಬರೆಯುತ್ತೇವೆ.

ತೆರಿಗೆಯ ಹೊಸ ದರಗಳು

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳು ಈ ವಲಯವನ್ನು ಹಲವು ಕಡೆ ಮುಟ್ಟಿವೆ. ಐಪಿಎಲ್‌ನಂತಹ ಪಂದ್ಯಗಳ ಟಿಕೆಟಿನ ಮೇಲಿನ ತೆರಿಗೆಯು ಶೇ.28ರಿಂದ ಶೇ.40ಕ್ಕೆ ಏರಿತು, ಸಾವಿರ ರೂಪಾಯಿ ಮೂಲಬೆಲೆಯ ಟಿಕೆಟು 1,280ರ ಬದಲು 1,400 ರೂಪಾಯಿ ಆಯಿತು. ಅದೇ ವೇಳೆ ಬ್ಯಾಟು, ಚೆಂಡು, ರಾಕೆಟ್ ಮುಂತಾದ ಕ್ರೀಡಾ ಸಾಮಗ್ರಿಗಳ ದರ ಶೇ.12ರಿಂದ ಶೇ.5ಕ್ಕೆ ಇಳಿಯಿತು. ಸಾಮಾನ್ಯ ವ್ಯಾಯಾಮದ ಉಪಕರಣಗಳು ಮಾತ್ರ ಶೇ.18ರಲ್ಲಿಯೇ ಉಳಿದಿವೆ. ಒಂದೇ ಅಂಗಡಿಯಲ್ಲಿ ಕ್ರಿಕೆಟ್ ಬ್ಯಾಟೂ ಡಂಬೆಲ್ಲೂ ಮಾರುವವರು ಬಿಲ್ಲಿಂಗ್ ತಂತ್ರಾಂಶದಲ್ಲಿ ಎರಡನ್ನೂ ಒಂದೇ ದರದಡಿ ಸೇರಿಸಿಟ್ಟರೆ ಮುಂದೆ ನೋಟಿಸು ಬರುವುದು ಖಚಿತ. ಸಿದ್ಧ ಉಡುಪುಗಳಲ್ಲಿ 2,500 ರೂಪಾಯಿವರೆಗೆ ಶೇ.5, ಮೀರಿದರೆ ಶೇ.18; ತಂಡದ ಅಧಿಕೃತ ಜೆರ್ಸಿಗಳಿಗೆ ಬೆಲೆ ನಿಗದಿಪಡಿಸುವಾಗ ಈ ಗೆರೆಯನ್ನು ನೆನಪಿಡಬೇಕು.

ದರ ಇಳಿದುದು ಗಿರಾಕಿಗೆ ಸಂತೋಷ. ಉತ್ಪಾದಕನಿಗೆ ಅಷ್ಟು ಸರಳವಲ್ಲ. ಅವನು ಕೊಳ್ಳುವ ರಬ್ಬರು, ಪ್ಲಾಸ್ಟಿಕ್, ಅಂಟು, ಬಣ್ಣಗಳಲ್ಲಿ ಬಹುಪಾಲು ಶೇ.18ರ ದರದವು, ಮಾರುವುದು ಶೇ.5ಕ್ಕೆ. ಹೀಗೆ ಕೂಡಿಬೀಳುವ ಹೂಡುವಳಿ ತೆರಿಗೆ ಜಮೆಯನ್ನು ಮರುಪಾವತಿಯಾಗಿ ಕೇಳಲು ಜಿಎಸ್‌ಟಿ ಕಾಯ್ದೆಯ 54ನೇ ಕಲಮು ಅವಕಾಶ ಕೊಡುತ್ತದೆಯಾದರೂ, ನಿಯಮ 89ರ ಸೂತ್ರದಲ್ಲಿ ಕಚ್ಚಾ ಸರಕಿನ ತೆರಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಯಂತ್ರಕ್ಕೆ ತೆತ್ತ ತೆರಿಗೆಯೂ, ಹೊರಗಿನಿಂದ ಪಡೆದ ವಿನ್ಯಾಸ, ಜಾಹೀರಾತು ಮುಂತಾದ ಸೇವೆಗಳಿಗೆ ತೆತ್ತ ತೆರಿಗೆಯೂ ಬರುವುದಿಲ್ಲ. ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ 2021ರ ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಹೊಸ ಯಂತ್ರ ತರಿಸಿ ತಂತ್ರಜ್ಞಾನ ಅಳವಡಿಸಿಕೊಳ್ಳಿ ಎಂದು ವೇದಿಕೆಯಿಂದ ಹೇಳುವವರು, ಹಾಗೆ ಅಳವಡಿಸಿಕೊಂಡವನ ದುಡಿಮೆ ಬಂಡವಾಳವು ಜಮೆ ಖಾತೆಯಲ್ಲಿ ಸಿಕ್ಕಿಬೀಳುವುದನ್ನು ಗಮನಿಸಿದಂತಿಲ್ಲ. ನಮ್ಮ ಮಂಡಳಿಯು ಬಜೆಟ್ ಪೂರ್ವ ಮನವಿಯಲ್ಲಿ ಸೇರಿಸಬೇಕಾದ ಅಂಶವಿದು ಎಂದು ನನ್ನ ಅಭಿಪ್ರಾಯ.

ಈಗ ತಾಲ್ಲೂಕು ಕೇಂದ್ರಗಳಲ್ಲಿಯೂ ತಲೆಯೆತ್ತಿರುವ ಟರ್ಫ್ ಮೈದಾನಗಳವರಿಗೆ ಎರಡು ಮಾತು. ಜಿಎಸ್‌ಟಿ ನೋಂದಣಿ ಇರುವ ನೀವು ನೋಂದಣಿ ಇಲ್ಲದ ಭೂಮಾಲೀಕನಿಗೆ ಬಾಡಿಗೆ ಕೊಡುತ್ತಿದ್ದರೆ, 2024ರ ಅಕ್ಟೋಬರ್ 10ರಿಂದ ಆ ಬಾಡಿಗೆಯ ಮೇಲಿನ ಶೇ.18 ತೆರಿಗೆಯನ್ನು ನೀವೇ ಕಟ್ಟಬೇಕು. ರಾಜಿ ತೆರಿಗೆ ಪದ್ಧತಿಯವರಿಗೆ ಇದರಿಂದ ವಿನಾಯಿತಿ ದೊರೆತಿದೆ. ಕಟ್ಟಿದುದಕ್ಕೆ ಬುಕಿಂಗ್ ಆದಾಯದ ತೆರಿಗೆಯಲ್ಲಿ ಜಮೆ ಸಿಗುತ್ತದೆ. ಆದರೆ ಕೊಠಡಿ, ಕಾಂಪೌಂಡು ಮುಂತಾದ ಕಟ್ಟಡ ಕಾಮಗಾರಿಯ ತೆರಿಗೆಗೆ ಜಮೆ ಇಲ್ಲವಾದ್ದರಿಂದ ಗುತ್ತಿಗೆದಾರರ ಬಿಲ್ಲುಗಳನ್ನು ಕಾಮಗಾರಿವಾರು ಪ್ರತ್ಯೇಕವಾಗಿ ಪಡೆಯುವುದು ಮೇಲು. ಪಂದ್ಯಾವಳಿಯ ದಿನಗಳಲ್ಲಿ ತಂಡಗಳ ಲಾಂಛನವಿರುವ ನಕಲಿ ಅಂಗಿಗಳನ್ನು ಮಾರುವವರು, 1999ರ ವ್ಯಾಪಾರ ಚಿಹ್ನೆ ಕಾಯ್ದೆಯಲ್ಲಿ ಇದಕ್ಕೆ ಕನಿಷ್ಠ ಆರು ತಿಂಗಳ ಸೆರೆವಾಸವಿದೆ ಎಂಬುದನ್ನು ತಿಳಿದಿದ್ದರೆ ಒಳಿತು.

ಕಾರ್ಯಕ್ರಮ ಸಂಯೋಜನೆಯಲ್ಲಿ ತೊಡಗಿದ ಸದಸ್ಯರಿಗೆ 2025ರ ಜೂನ್ 4ರ ದುರಂತವನ್ನು ನೆನಪಿಸುವುದು ನೋವಿನ ಕೆಲಸ. ವಿಜಯೋತ್ಸವದ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅಭಿಮಾನಿಗಳನ್ನು ಕ್ಷಣಾರ್ಧದಲ್ಲಿ ತಲುಪುವ ತಂತ್ರಜ್ಞಾನ ನಮ್ಮಲ್ಲಿತ್ತು. ಬಾಗಿಲ ಬಳಿ ಅವರನ್ನು ಎಣಿಸಿ ಒಳಬಿಡುವ ವ್ಯವಸ್ಥೆ ಇರಲಿಲ್ಲ. ಮುಂದೆ ಯಾವುದೇ ಕಾರ್ಯಕ್ರಮದ ಉಪಗುತ್ತಿಗೆ ಒಪ್ಪಿಕೊಳ್ಳುವ ಮುನ್ನ ಅನುಮತಿ ಯಾರ ಹೆಸರಿನಲ್ಲಿದೆ, ವಿಮೆ ಯಾರದು, ಹೊಣೆ ಯಾರದು ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಮುಂದಿರುವ ಬೇಡಿಕೆ

ಬೇಡಿಕೆ ಇಲ್ಲವೆಂದಲ್ಲ. ಬೆಂಗಳೂರನ್ನೇ ಭಾರತದ ಕೇಂದ್ರವಾಗಿಸಿಕೊಂಡ ಡೆಕಾಥ್ಲಾನ್ ಕಂಪನಿಯು ಭಾರತದಿಂದ ಮಾಡುವ ಖರೀದಿಯನ್ನು 2030ರೊಳಗೆ 300 ಕೋಟಿ ಡಾಲರ್‌ಗೆ ಏರಿಸುವ ಗುರಿಯನ್ನು 2025ರಲ್ಲಿ ಪ್ರಕಟಿಸಿತು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯವು 2025ರ ನವೆಂಬರ್ 26ರಂದು ಅಹಮದಾಬಾದಿಗೆ ದೊರೆಯಿತು. ಪ್ರಾಯೋಜಕರು ಬದಲಾದರೂ ಶಾಲೆಯ ಮಕ್ಕಳಿಗೆ ಶಟಲ್ ಕಾಕ್ ಬೇಕೇ ಬೇಕು. ಆಡುವವರಿಂದ ಬರುವ ಈ ಬೇಡಿಕೆಯು ನೋಡುವವರಿಂದ ಬರುವ ಹಣದಷ್ಟು ದೊಡ್ಡದಲ್ಲ, ಆದರೆ ಅದರಷ್ಟು ಚಂಚಲವೂ ಅಲ್ಲ.

ಕೇಂದ್ರ ಸರ್ಕಾರದ ಇಲಾಖೆಗಳು ಹಾಗೂ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಶೇ.25ನ್ನು ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಂದಲೇ ಮಾಡಬೇಕೆಂಬ ನಿಯಮವಿದ್ದು, ಅಂತಹ ಘಟಕಗಳಿಗೆ ಟೆಂಡರಿನ ಇಎಂಡಿಯಿಂದಲೂ ವಿನಾಯಿತಿ ಇದೆ. 2025ರ ಏಪ್ರಿಲ್ 1ರಿಂದ ಸಣ್ಣ ಘಟಕದ ಮಿತಿಯು ಯಂತ್ರೋಪಕರಣಗಳಲ್ಲಿ ರೂ.25 ಕೋಟಿ ಹೂಡಿಕೆ ಹಾಗೂ ರೂ.100 ಕೋಟಿ ವಹಿವಾಟಿಗೆ ಏರಿರುವುದರಿಂದ, ಮೊದಲು ಮಧ್ಯಮ ವರ್ಗದಲ್ಲಿದ್ದ ಕೆಲವು ಸದಸ್ಯರು ಈಗ ಸಣ್ಣ ವರ್ಗಕ್ಕೆ ಬಂದಿರುತ್ತಾರೆ. ಅವರು ತಮ್ಮ ಉದ್ಯಮ್ ಪ್ರಮಾಣಪತ್ರದಲ್ಲಿ ವರ್ಗೀಕರಣವು ಬದಲಾಗಿದೆಯೇ ಎಂಬುದನ್ನು ಜಾಲತಾಣದಲ್ಲಿ ಪರಿಶೀಲಿಸಿ, ಪ್ರತಿಯೊಂದನ್ನು ಎಲ್ಲ ಖರೀದಿದಾರರಿಗೆ ಕಳುಹಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು. ಬಿಲ್ಲಿನ ತಲೆಬರಹದಲ್ಲಿ ಉದ್ಯಮ್ ಸಂಖ್ಯೆಯನ್ನು ಅಚ್ಚು ಹಾಕಿಸುವುದಕ್ಕೆ ಪ್ರತ್ಯೇಕ ಖರ್ಚಿಲ್ಲ.